ಅಪ್ಪನಿಗೆ ಸ್ಟೆಂಟ್ ಹಾಕಿ ಮೂರು ತಿಂಗಳಾಯ್ತು, ಪಂಪಿಂಗ್ ಇನ್ನೂ 36. ಬ್ಲಾಕ್ ತೆಗೆದ ಮೇಲೂ ಯಾಕೆ ಹೀಗೆ?

ಕಡೂರು_ಕಾರ್ತಿಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 61. ಊರಲ್ಲೇ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಹತ್ತು ವರ್ಷದಿಂದ ಶುಗರ್ ಇದೆ. ಮೂರು ತಿಂಗಳ ಹಿಂದೆ ರಾತ್ರಿ ಊಟ ಆದ ಮೇಲೆ ಎದೆ ಹಿಡಿದ ಹಾಗಾಯಿತಂತೆ. ಗ್ಯಾಸ್ ಅಂದುಕೊಂಡು ಸೋಡಾ ಕುಡಿದು, ಅಮ್ಮನ ಕೈಲಿ ಓಮದ ಕಷಾಯ ಮಾಡಿಸಿಕೊಂಡು ಮಲಗಿದ್ದಾರೆ. ಬೆಳಗಿನ ಜಾವ ಮೈಯೆಲ್ಲ ಬೆವರು. ತಾಲೂಕು ಆಸ್ಪತ್ರೆ ತಲುಪುವಾಗ ಎಂಟು ಗಂಟೆ ಕಳೆದಿತ್ತು. ಇಸಿಜಿ ನೋಡಿ ಹಾರ್ಟ್ ಅಟ್ಯಾಕ್ ಅಂದರು. ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್‌ನಲ್ಲಿ ಕಳಿಸಿದರು. ಮರುದಿನ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ. ಮುಂಭಾಗದ ದೊಡ್ಡ ರಕ್ತನಾಳ, ಎಲ್‌ಎಡಿ ಅನ್ನುತ್ತಾರಲ್ಲ, ಅದರಲ್ಲಿ ಶೇ. 95 ಬ್ಲಾಕ್. ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅದೇ ಸ್ಟೆಂಟ್, ಹಾಕಿದರು. ಬಲಗಡೆ ನಾಳದಲ್ಲಿ ಇನ್ನೊಂದು ಬ್ಲಾಕ್, ಶೇ. 70. ಅದನ್ನು ಆಮೇಲೆ ನೋಡೋಣ ಅಂದರು.

ಡಿಸ್ಚಾರ್ಜ್ ದಿನ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಇಎಫ್ (ಪಂಪಿಂಗ್ ಅಂಕಿ) 32. ಕಳೆದ ವಾರ ಮತ್ತೆ ಮಾಡಿಸಿದೆವು, 36. ನಾವು 50 ಆದರೂ ಬರುತ್ತದೆ ಅಂದುಕೊಂಡಿದ್ದೆವು. "ಸ್ಟೆಂಟ್ ಚೆನ್ನಾಗಿ ಕೂತಿದೆ, ರಕ್ತ ಚೆನ್ನಾಗಿ ಹರಿಯುತ್ತಿದೆ" ಎಂದು ಡಾಕ್ಟರೇ ಹೇಳಿದ್ದಾರೆ. ಹಾಗಿದ್ದರೆ ಪಂಪಿಂಗ್ ಯಾಕೆ ಏರಿಲ್ಲ? ಕೇಳಿದರೆ "ಟೈಮ್ ಹಿಡಿಯುತ್ತದೆ" ಎಂದು ಎರಡೇ ಮಾತಲ್ಲಿ ಮುಗಿಸಿದರು. ಚಿಕ್ಕಪ್ಪ ಬೈಪಾಸ್ ಮಾಡಿಸಬೇಕಿತ್ತು ಅನ್ನುತ್ತಾರೆ. ಸೋದರಮಾವ ಶುಂಠಿ, ಬೆಳ್ಳುಳ್ಳಿ, ನಿಂಬೆರಸ, ಆಪಲ್ ವಿನೆಗರ್ ಕುದಿಸಿ ಜೇನು ಹಾಕಿದ ಬಾಟಲಿ ತಂದು ಇಟ್ಟು ಹೋಗಿದ್ದಾರೆ. ತಲೆ ಕೆಟ್ಟಿದೆ.

ಮಂಡ್ಯ_ಮಂಜ

ಆ ಬಾಟಲಿ ಎಲ್ಲರ ಮನೆಗೂ ಬಂದಿದೆ ಬಿಡಿ ಗುರು. ನಮ್ಮ ಮನೆಯದು ಇನ್ನೂ ಫ್ರಿಜ್‌ನಲ್ಲಿದೆ.

ಅಪ್ಪಾಜಿ ಬೇಗ ಹುಷಾರಾಗಲಿ.

ನೇರನುಡಿ

ಉತ್ತರ ಸುಲಭ. ಸ್ಟೆಂಟ್ ಅನ್ನುವುದೇ ದೊಡ್ಡ ದಂಧೆ. ಹಾಕಿದರೆ ಏನೂ ಆಗಲ್ಲ ಅಂತ ಅಮೆರಿಕದಲ್ಲೇ ಪ್ರೂವ್ ಆಗಿದೆ. ನಮ್ಮಲ್ಲಿ ಆಂಜಿಯೋಗ್ರಾಂ ಟೇಬಲ್ ಮೇಲೆ ಮಲಗಿಸಿಕೊಂಡು ಹೊರಗೆ ಮನೆಯವರನ್ನು ಹೆದರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಪಂಪಿಂಗ್ ಏರಿಲ್ಲ ಅಂದರೆ ಆಶ್ಚರ್ಯ ಯಾಕೆ?

ಹಳೇ_ಫಿಸಿಷಿಯನ್

ನೇರನುಡಿ ಅವರೇ, ಎರಡು ಬೇರೆ ಬೇರೆ ವಿಷಯ ಕಲಸಿದ್ದೀರಿ. ನೀವು ಹೇಳುತ್ತಿರುವುದು 2019ರ ಕೊನೆಗೆ ಫಲಿತಾಂಶ ಬಂದ ಇಸ್ಕೀಮಿಯಾ ಅನ್ನುವ ಟ್ರಯಲ್, ಅಂದರೆ ರೋಗಿಗಳನ್ನು ಗುಂಪು ಮಾಡಿ ಚಿಕಿತ್ಸೆ ಹೋಲಿಸಿ ನೋಡಿದ ಅಧ್ಯಯನ, ಇರಬೇಕು. 5,179 ಜನ. ಅವರಿಗೆ ಇದ್ದದ್ದು ಸ್ಥಿರವಾದ ಬ್ಲಾಕ್. ನಡೆದರೆ ಎದೆ ಬಿಗಿ, ಕೂತರೆ ಸರಿ, ಆ ಥರ. ಅಂಥವರಿಗೆ ಮಾತ್ರೆ ಜೊತೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ, ಮೊದಲು ಬರೀ ಮಾತ್ರೆಯಲ್ಲಿ ನೋಡಿಕೊಂಡರೂ, ಸಾವು ಮತ್ತು ಅಟ್ಯಾಕ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಎದೆನೋವು ಮಾತ್ರ ಕಡಿಮೆಯಾಯಿತು. ಸರಿ. ಆದರೆ ಆ ಟ್ರಯಲ್‌ಗೆ ಇಎಫ್ 35ಕ್ಕಿಂತ ಕಡಿಮೆ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ಈಗಷ್ಟೇ ಅಟ್ಯಾಕ್ ಆದವರನ್ನೂ ಸೇರಿಸಿರಲಿಲ್ಲ. ಕಾರ್ತಿಕ್ ಅವರ ತಂದೆಗೆ ಆಗಿದ್ದು ಅಟ್ಯಾಕ್. ಅಲ್ಲಿ ನಾಳ ತೆರೆಯುವುದು ಜೀವ ಉಳಿಸುವ ಕೆಲಸ. ಅದರಲ್ಲಿ ತಕರಾರು ಇಲ್ಲ.

ಕಾರ್ತಿಕ್, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ಟೆಂಟ್ ತೆರೆಯುವುದು ರಕ್ತನಾಳವನ್ನು. ಇಎಫ್ ಅಳೆಯುವುದು ಮಾಂಸಖಂಡದ ಕೆಲಸವನ್ನು. ಆ ಎಂಟು ಗಂಟೆಯಲ್ಲಿ ಸತ್ತ ಮಾಂಸಖಂಡಕ್ಕೆ ಆಮೇಲೆ ಎಷ್ಟು ರಕ್ತ ಕೊಟ್ಟರೂ ಅದು ಮತ್ತೆ ಹಿಂಡುವುದಿಲ್ಲ. ಅಲ್ಲಿ ಕಲೆ ಕಟ್ಟುತ್ತದೆ, ಗಾಯ ಒಣಗಿದ ಮೇಲೆ ಚರ್ಮದಲ್ಲಿ ಉಳಿಯುವ ಹಾಗೆ.

ಸತ್ತದ್ದರ ಸುತ್ತ ಸಾಯದೆ ಉಳಿದ ಭಾಗವೂ ಇರುತ್ತದೆ. ಅದರಲ್ಲಿ ಎರಡು ಬಗೆ. ಒಂದು, ಏಟು ತಿಂದು ಮಂಕಾದದ್ದು. ರಕ್ತ ವಾಪಸ್ ಬಂದಿದೆ, ಆದರೂ ಕೆಲವು ದಿನ, ಕೆಲವು ವಾರ ಸರಿಯಾಗಿ ಹಿಂಡುವುದಿಲ್ಲ. ಆಮೇಲೆ ತಾನಾಗಿ ಎಚ್ಚರವಾಗುತ್ತದೆ. ಡಿಸ್ಚಾರ್ಜ್ ದಿನದ ಎಕೋವನ್ನು ಪೂರ್ತಿ ನಂಬಬಾರದು ಅನ್ನುವುದು ಇದಕ್ಕೇ. ಇನ್ನೊಂದು, ತಿಂಗಳುಗಟ್ಟಲೆ ರಕ್ತ ಸಾಲದೆ ಕೆಲಸ ಕಡಿಮೆ ಮಾಡಿಕೊಂಡು ಮಲಗಿದ್ದು. ಬೇಸಿಗೆಯಲ್ಲಿ ಕಪ್ಪೆ ಮಣ್ಣೊಳಗೆ ಮಲಗುತ್ತದಲ್ಲ, ಹಾಗೆ. ಅದಕ್ಕೆ ಹೈಬರ್ನೇಟಿಂಗ್ ಅನ್ನುತ್ತಾರೆ. 1980ರ ದಶಕದಲ್ಲಿ ಆ ಮಾತನ್ನು ಚಾಲ್ತಿಗೆ ತಂದ ಶಾಬುದ್ದೀನ್ ರಹಿಮ್‌ತೂಲಾ ಮುಂಬೈನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದವರು.

ಒಟ್ಟಿನಲ್ಲಿ ಸತ್ತದ್ದು ಎಷ್ಟು, ಮಲಗಿದ್ದು ಎಷ್ಟು ಅನ್ನುವುದರ ಮೇಲೆ ನಿಮ್ಮ 36 ಮುಂದೆ ಎಷ್ಟಾಗುತ್ತದೆ ಅನ್ನುವುದು ನಿಂತಿದೆ.

ಅಡಿಕೆತೋಟದ_ಭಟ್ಟ

ಡಾಕ್ಟ್ರೇ, ಇದು ನಮ್ಮ ತೋಟದ ಕಥೆಯೇ ಆಯಿತಲ್ಲ. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಡ್ರಿಪ್ ಪೈಪಲ್ಲಿ ಕಸ ಕಟ್ಟಿ ಒಂದು ಸಾಲಿಗೆ ನೀರೇ ಹೋಗಿರಲಿಲ್ಲ. ಮಗನ ಮದುವೆ ಗಡಿಬಿಡಿಯಲ್ಲಿ ಗಮನಿಸಲಿಲ್ಲ. ಪೈಪ್ ಬಿಡಿಸಿದ ಮೇಲೆ ಬಾಡಿದ ಮರ ಚಿಗುರಿದವು. ಒಣಗಿದ ಮರದ ಬುಡಕ್ಕೆ ನೀರು ನಿಂತಿತ್ತು ಅಷ್ಟೇ.

ಹಳೇ_ಫಿಸಿಷಿಯನ್

ಭಟ್ಟರೇ, ನಾನು ಮೂವತ್ತು ವರ್ಷ ಹೇಳಲು ಒದ್ದಾಡಿದ್ದನ್ನು ನೀವು ನಾಲ್ಕು ಸಾಲಲ್ಲಿ ಹೇಳಿದಿರಿ.

ಎಕೋರೂಮ್

ನಾನು ಎಕೋ ಟೆಕ್ನಿಷಿಯನ್, ದಿನಕ್ಕೆ ಮೂವತ್ತು ನಲವತ್ತು ಎದೆ ನೋಡುತ್ತೇನೆ. ಎರಡು ಮಾತು.

ಮೊದಲನೆಯದು, ಇಎಫ್ ನೂರಕ್ಕೆ ತೆಗೆಯುವ ಅಂಕ ಅಲ್ಲ! ದಿನಾ ಒಬ್ಬರಾದರೂ ಕೇಳುತ್ತಾರೆ, "60 ಅಂದರೆ ಇನ್ನು 40 ಹೋಯ್ತಾ ಸಾರ್" ಅಂತ. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಎಡಗಡೆ ಕೆಳಗಿನ ಕೋಣೆಯಲ್ಲಿ, ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವುದಷ್ಟೇ ಅದು. ಯಾರ ಹೃದಯವೂ ಪೂರ್ತಿ ಖಾಲಿ ಮಾಡುವುದಿಲ್ಲ. 55ರಿಂದ 70 ಇದ್ದರೆ ನಾರ್ಮಲ್. ಹಾಗಾಗಿ 36 ಅಂದರೆ ಮೂರನೇ ಒಂದು ಭಾಗ ಹೃದಯ ಮಾತ್ರ ಉಳಿದಿದೆ ಅಂತ ಅಲ್ಲ. ಆರೋಗ್ಯವಂತರ 60ರ ಪಕ್ಕ ಇಟ್ಟು ನೋಡಿ.

ಎರಡನೆಯದು, 32 ಮತ್ತು 36ರ ನಡುವೆ ಏರಿದೆ ಅಂತಲೂ ಹೇಳಲಾಗದು, ಏರಿಲ್ಲ ಅಂತಲೂ ಹೇಳಲಾಗದು. ಅದೇ ಮನುಷ್ಯನನ್ನು ನಾನು ಬೆಳಗ್ಗೆ ನೋಡಿ, ನನ್ನ ಸಹೋದ್ಯೋಗಿ ಮಧ್ಯಾಹ್ನ ನೋಡಿದರೂ ಐದು ಅಂಕ ಆಚೆ ಈಚೆ ಆಗುತ್ತದೆ. ಜನ ಜಾಸ್ತಿ ಇದ್ದ ದಿನ ಎಷ್ಟೋ ಕಡೆ ಕಣ್ಣಳತೆಯಲ್ಲೇ ಬರೆಯುತ್ತಾರೆ, ಸುಳ್ಳು ಯಾಕೆ ಹೇಳಲಿ. ಸಾಧ್ಯವಾದರೆ ಒಂದೇ ಕಡೆ, ಒಂದೇ ಯಂತ್ರದಲ್ಲಿ ಮಾಡಿಸಿ. ರಿಪೋರ್ಟಲ್ಲಿ ಇಎಫ್ ಒಂದೇ ನೋಡಬೇಡಿ. ಕೋಣೆಯ ಅಳತೆ ಎಷ್ಟಿದೆ, ಹಿಗ್ಗುತ್ತಿದೆಯಾ, ಮೈಟ್ರಲ್ ಕವಾಟದಲ್ಲಿ ಸೋರಿಕೆ ಇದೆಯಾ, ತುದಿಯಲ್ಲಿ ಗಡ್ಡೆ ಇದೆಯಾ, ಇವನ್ನೂ ನೋಡಿ.

ಮಂಡ್ಯ_ಮಂಜ

ನಮ್ಮ ಕಾಲದಲ್ಲಿ ಎಸ್‌ಎಸ್‌ಎಲ್‌ಸಿಗೆ 35 ಬಂದರೆ ಪಾಸ್. ಕಾರ್ತಿಕಣ್ಣನ ತಂದೆ ಒಂದು ಅಂಕ ಮೇಲೆಯೇ ಇದ್ದಾರೆ.

ಎಕೋರೂಮ್

ನಗಬೇಡಿ, ಇಲ್ಲೂ 35 ಒಂದು ಗೆರೆಯೇ. ಐಸಿಡಿ ಅನ್ನುವ ಶಾಕ್ ಕೊಡುವ ಯಂತ್ರ ಬೇಕಾ ಬೇಡವಾ ಅನ್ನುವ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಕಡೂರು_ಕಾರ್ತಿಕ

ಅಯ್ಯೋ, ಅದೇನು ಯಂತ್ರ? ನಮಗೆ ಯಾರೂ ಹೇಳಿಲ್ಲ.

ಹಳೇ_ಫಿಸಿಷಿಯನ್

ಗಾಬರಿ ಬೇಡ. ಪಂಪಿಂಗ್ ತುಂಬಾ ಕಡಿಮೆ ಇದ್ದವರಿಗೆ ಬಡಿತ ದಿಢೀರ್ ಅಡ್ಡಾದಿಡ್ಡಿಯಾಗಿ ಹೃದಯ ನಿಲ್ಲುವ ಅಪಾಯ ಇರುತ್ತದೆ. ಆಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಮಾಡುವ ಯಂತ್ರ ಅದು. ಆದರೆ ಅಟ್ಯಾಕ್ ಆದ 40 ದಿನದೊಳಗೆ, ಸ್ಟೆಂಟ್ ಅಥವಾ ಬೈಪಾಸ್ ಆದ 90 ದಿನದೊಳಗೆ ಅದನ್ನು ಸಾಮಾನ್ಯವಾಗಿ ನಿರ್ಧಾರ ಮಾಡುವುದಿಲ್ಲ. ಮಂಕಾದ ಭಾಗ ಎಚ್ಚರವಾಗಲು, ಮಾತ್ರೆ ಕೆಲಸ ಮಾಡಲು ಸಮಯ ಕೊಟ್ಟು ಮತ್ತೆ ಎಕೋ ನೋಡುತ್ತಾರೆ. ನಿಮ್ಮ ಡಾಕ್ಟರ್ "ಟೈಮ್ ಹಿಡಿಯುತ್ತದೆ" ಅಂದಿದ್ದರ ಹಿಂದೆ ಇಷ್ಟು ಇರಬಹುದು. ಬಿಡಿಸಿ ಹೇಳಲಿಲ್ಲ, ಅದು ತಪ್ಪು. ನಮ್ಮವರದು ಇದೊಂದು ಹಳೇ ಚಾಳಿ.

ಧಾರವಾಡ_ಸುಮಾ

ನಮ್ಮ ಅವ್ವನ ಕಥೆ ಹೇಳುತ್ತೇನೆ ಕಾರ್ತಿಕ್. ಆಕೆಗೆ ಅಟ್ಯಾಕ್ ಅಂತ ಆಗಿರಲೇ ಇಲ್ಲ. ಒಂದು ವರ್ಷದಿಂದ ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಎರಡು ದಿಂಬು ಬೇಕು. ವಯಸ್ಸಾಯಿತು ಅಂದುಕೊಂಡೆವು. ಎಕೋದಲ್ಲಿ ಇಎಫ್ 30. ಆಂಜಿಯೋಗ್ರಾಂನಲ್ಲಿ ಮೂರೂ ನಾಳ ಹೋಗಿದ್ದವು. ಶುಗರ್ ಕೂಡ ಇತ್ತು. ಬೈಪಾಸ್ ಮಾಡಿಸಿದೆವು. ಆರು ತಿಂಗಳಿಗೆ ಇಎಫ್ 45. ಈಗ ನಾಲ್ಕು ವರ್ಷ. ಶ್ರಾವಣದಲ್ಲಿ ತಾನೇ ಕೂತು ಹೋಳಿಗೆ ಮಾಡುತ್ತಾಳೆ, ಬೇಡ ಅಂದರೂ ಕೇಳುವುದಿಲ್ಲ.

ಅದಕ್ಕೇ ನಿಮ್ಮ ಚಿಕ್ಕಪ್ಪ ಹೇಳಿದ್ದು ಪೂರ್ತಿ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ನೇರನುಡಿ

ನೋಡಿ, ಬೈಪಾಸ್ ಆದರೆ ಏರುತ್ತದೆ, ಸ್ಟೆಂಟ್ ಆದರೆ ಏರಲ್ಲ. ನಾನು ಹೇಳಿದ್ದೂ ಅದೇ ಅಲ್ವಾ?

ಬರ್ಮಿಂಗ್‌ಹ್ಯಾಮ್_ಕನ್ನಡತಿ

ಅಷ್ಟು ಸಲೀಸಲ್ಲ ಸರ್. ನಾನು ಇಲ್ಲಿ ಹಾರ್ಟ್ ಫೇಲ್ಯೂರ್ ನರ್ಸ್, ಅಂದರೆ ಹೃದಯದ ಪಂಪಿಂಗ್ ಸೋತವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ದೇಶದ ಈ ಟ್ರಯಲ್ ಬಗ್ಗೆ... ಅಂದರೆ ಬ್ರಿಟನ್ನಿನದು. ನೋಡಿ, ಹದಿನೈದು ವರ್ಷಕ್ಕೆ ಇದೇ ನಮ್ಮ ದೇಶ ಆಗಿಹೋಗಿದೆ! ರಿವೈವ್ಡ್ ಅಂತ ಅದರ ಹೆಸರು, 2022ರಲ್ಲಿ ಬಂತು. ಇಎಫ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 700 ಜನ. ಎಲ್ಲರಿಗೂ ದೊಡ್ಡ ಬ್ಲಾಕ್‌ಗಳು, ಎಲ್ಲರಲ್ಲೂ ಜೀವ ಇರುವ ಮಾಂಸಖಂಡ ಇದೆ ಎಂದು ಸ್ಕ್ಯಾನ್ ಮಾಡಿ ನೋಡಿಯೇ ಸೇರಿಸಿಕೊಂಡಿದ್ದು. ಅರ್ಧ ಜನರಿಗೆ ಸ್ಟೆಂಟ್ ಮತ್ತು ಮಾತ್ರೆ, ಅರ್ಧ ಜನರಿಗೆ ಬರೀ ಮಾತ್ರೆ. ಮೂರೂವರೆ ವರ್ಷದ ಹತ್ತಿರ ನೋಡಿದಾಗ ತೀರಿಕೊಂಡವರು ಅಥವಾ ಹಾರ್ಟ್ ಫೇಲ್ಯೂರ್ ಅಂತ ಅಡ್ಮಿಟ್ ಆದವರು ಸ್ಟೆಂಟ್ ಗುಂಪಲ್ಲಿ ಶೇ. 37.2, ಮಾತ್ರೆ ಗುಂಪಲ್ಲಿ ಶೇ. 38. ಹೆಚ್ಚುಕಡಿಮೆ ಒಂದೇ. ಆರು ತಿಂಗಳು, ಒಂದು ವರ್ಷದ ಇಎಫ್ ಕೂಡ ಎರಡೂ ಗುಂಪಲ್ಲಿ ಸರಿಸಮ.

ನಮ್ಮ ವಾರ್ಡಲ್ಲಿ ಆ ವಾರ ಎಲ್ಲರ ಮುಖ ನೋಡಬೇಕಿತ್ತು. ಮಲಗಿದ್ದನ್ನು ರಕ್ತ ಕೊಟ್ಟು ಎಬ್ಬಿಸುತ್ತೇವೆ ಅನ್ನುವ ಪಾಠ ಓದಿಕೊಂಡೇ ಎಲ್ಲರೂ ಬಂದವರು.

ನೇರನುಡಿ

ಧನ್ಯವಾದ ಮೇಡಂ. ನನ್ನ ವಾದಕ್ಕೆ ನೀವೇ ಸಾಕ್ಷಿ ಕೊಟ್ಟಿರಿ.

ಬರ್ಮಿಂಗ್‌ಹ್ಯಾಮ್_ಕನ್ನಡತಿ

ಪೂರ್ತಿ ಓದಿ ಸರ್! ಆ ಟ್ರಯಲ್‌ನಲ್ಲೂ ಹೊಸದಾಗಿ ಅಟ್ಯಾಕ್ ಆದವರು ಇರಲಿಲ್ಲ. ಕಾರ್ತಿಕ್ ಅವರ ತಂದೆಗೆ ಅದು ಹೊಂದುವುದಿಲ್ಲ. ನಾನು ಹೇಳಲು ಹೊರಟಿದ್ದು ಬೇರೆ. ಬರೀ ಮಾತ್ರೆಯವರ ಇಎಫ್ ಕೂಡ ಏರಿತ್ತು. ಈಗಿನ ಮಾತ್ರೆಗಳು ಅಷ್ಟು ಕೆಲಸ ಮಾಡುತ್ತವೆ.

ಹಳೇ_ಫಿಸಿಷಿಯನ್

ಸುಮಾ ಅವರ ತಾಯಿಯ ವಿಷಯ ಬಂದಿದ್ದಕ್ಕೆ ಬೈಪಾಸ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸ್ಟಿಚ್ ಅನ್ನುವ ಟ್ರಯಲ್. ಇಎಫ್ 35ರ ಒಳಗಿನ 1,212 ಜನ. 2011ರಲ್ಲಿ ಮೊದಲ ಫಲಿತಾಂಶ ಬಂದಾಗ, ಐದು ವರ್ಷದ ಹತ್ತಿರದ ಲೆಕ್ಕದಲ್ಲಿ, ಬೈಪಾಸ್ ಗೆದ್ದಿತು ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ಆಪರೇಷನ್ ಆದ ಮೊದಲ ತಿಂಗಳಲ್ಲಿ ತೀರಿಕೊಂಡವರು ಆ ಕಡೆಯೇ ಜಾಸ್ತಿ. ಹತ್ತು ವರ್ಷದವರೆಗೆ ಕಾದು 2016ರಲ್ಲಿ ಮತ್ತೆ ನೋಡಿದರು. ಬೈಪಾಸ್ ಗುಂಪಲ್ಲಿ ಶೇ. 58.9 ಜನ ತೀರಿಕೊಂಡಿದ್ದರು, ಬರೀ ಮಾತ್ರೆಯವರಲ್ಲಿ ಶೇ. 66.1. ಅಂದರೆ ಲಾಭ ಇದೆ, ಆದರೆ ಬಡ್ಡಿ ಹಾಗೆ ನಿಧಾನಕ್ಕೆ ಸೇರುತ್ತದೆ. ಮೊದಲು ಅಸಲು ಕಟ್ಟಬೇಕು.

ಇನ್ನೊಂದು ವಿಚಿತ್ರ ಇದೆ. ಅದೇ ಟ್ರಯಲ್‌ನ ಒಂದು ಭಾಗ 2019ರಲ್ಲಿ ಬಂತು. ಜೀವ ಇರುವ ಮಾಂಸಖಂಡ ಜಾಸ್ತಿ ಇದ್ದವರಿಗೆ ಇಎಫ್ ಏರಿತ್ತು, ನಿಜ. ಆದರೆ ಬೈಪಾಸ್ ಆದವರಿಗೂ ಏರಿತ್ತು, ಮಾತ್ರೆಯವರಿಗೂ ಏರಿತ್ತು. ಮತ್ತೆ, ಇಎಫ್ ಏರಿದವರೇ ಜಾಸ್ತಿ ಬದುಕಿದರು ಅನ್ನುವುದೂ ಕಾಣಲಿಲ್ಲ. ಹಾಗಾಗಿ ಬೈಪಾಸ್ ಜೀವ ಉಳಿಸುವುದು ಪಂಪಿಂಗ್ ಏರಿಸಿಯೇ ಅಲ್ಲ. ಮುಂದೆ ಬರಬಹುದಾದ ಅಟ್ಯಾಕ್ ಅನ್ನು, ದಿಢೀರ್ ಸಾವನ್ನು ತಡೆದು ಇರಬಹುದು. ಹಳೇ ಬ್ಲಾಕ್‌ನ ಆಚೆ ಹೊಸ ದಾರಿ ಇದೆಯಲ್ಲ, ನಡುವೆ ಎಲ್ಲಿ ಗಡ್ಡೆ ಕಟ್ಟಿದರೂ ಕೆಳಗಿನ ಭಾಗ ಬದುಕುತ್ತದೆ.

ನಾವೆಲ್ಲ ಇಎಫ್ ಅಂಕಿಗೆ ಜೋತು ಬಿದ್ದಿದ್ದೇವೆ. ಡಾಕ್ಟರುಗಳೂ ಅಷ್ಟೇ.

ಅಡಿಕೆತೋಟದ_ಭಟ್ಟ

ಅಂದರೆ ಬೈಪಾಸ್ ಮೇಲಿನ ತೋಟದಿಂದ ಇನ್ನೊಂದು ಲೈನ್ ಎಳೆದ ಹಾಗೆ. ಸ್ಟೆಂಟ್ ಇದ್ದ ಪೈಪನ್ನೇ ಒಂದು ಕಡೆ ರಿಪೇರಿ ಮಾಡಿದ ಹಾಗೆ.

ಎಕೋರೂಮ್

ಭಟ್ಟರೇ, ನಿಮ್ಮನ್ನು ಕಾರ್ಡಿಯಾಲಜಿ ವಿಭಾಗಕ್ಕೆ ಸೇರಿಸಿಕೊಳ್ಳಬೇಕು.

ಓದುಗ_77

ಈ ಪೈಪಿನ ಹೋಲಿಕೆಯಿಂದಲೇ ಅರ್ಧ ಗೊಂದಲ ಅಂತ ನನ್ನ ಅನಿಸಿಕೆ. ನನಗೆ 2018ರಲ್ಲಿ ಎರಡು ಸ್ಟೆಂಟ್ ಆಯಿತು. "ಬ್ಲಾಕ್ ಕ್ಲೀನ್ ಆಯ್ತು" ಅಂದರು. ನಾನೂ ಟ್ಯಾಂಕ್ ತೊಳೆದ ಹಾಗೆ ಅಂದುಕೊಂಡು ಎರಡು ವರ್ಷ ಬೇಕಾದ್ದೆಲ್ಲ ತಿಂದೆ, ಬೀಡಿ ಕೂಡ ಬಿಟ್ಟಿರಲಿಲ್ಲ. ನಾಳದ ಗೋಡೆಯ ಕಾಯಿಲೆ ಇದು, ಉದ್ದಕ್ಕೂ ಇರುತ್ತದೆ, ಸ್ಟೆಂಟ್ ಇರುವುದು ಹೆಚ್ಚೆಂದರೆ ಮೂರ್ನಾಲ್ಕು ಸೆಂಟಿಮೀಟರ್ ಜಾಗದಲ್ಲಿ ಅಂತ ಆಮೇಲೆ ಗೊತ್ತಾಯಿತು. ಗೊತ್ತಾಗಿದ್ದು ಎರಡನೇ ಅಟ್ಯಾಕ್ ಆದ ಮೇಲೆ.

ನೇರನುಡಿ

ದುಡ್ಡಿನ ವಿಷಯಕ್ಕೆ ಯಾರೂ ಬರುತ್ತಿಲ್ಲ. ಒಂದು ಸ್ಟೆಂಟಿಗೆ ಲಕ್ಷಗಟ್ಟಲೆ ತಗೊಂಡಿದ್ದಾರೆ ನಮ್ಮ ಭಾವನ ಹತ್ತಿರ.

ಔಷಧಿಅಂಗಡಿ

ಯಾವ ವರ್ಷ ಸರ್? 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧಿ ಲೇಪನ ಇರುವ ಸ್ಟೆಂಟಿಗೆ ಆಗ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ಆಮೇಲೆ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಬಂದಿದೆ. ಬಿಲ್ಲಲ್ಲಿ ಸ್ಟೆಂಟ್ ಬೆಲೆ ಬೇರೆ ಬರೆದಿರಬೇಕು, ಕೇಳಿ ನೋಡಿ. ಉಳಿದಿದ್ದು ರೂಮು, ಬಲೂನು, ವೈರು, ಡಾಕ್ಟರ್ ಫೀಸು.

ನೇರನುಡಿ

2015.

ಮಂಡ್ಯ_ಮಂಜ

ಹಾಗಾದರೆ ಹತ್ತು ವರ್ಷದ ಹಳೇ ಕೋಪ ಅದು. ಬಿಡಿ ಸಾರ್.

ನಮ್ಮ ಅತ್ತೆಗೆ ಬೆಂಗಳೂರಿನ ಜಯದೇವದಲ್ಲಿ ಆಯಿತು. ಬಿಪಿಎಲ್ ಕಾರ್ಡು ಇತ್ತು, ಕೈಯಿಂದ ಖರ್ಚಾಗಿದ್ದು ಓಡಾಟ, ಊಟಕ್ಕೆ ಅಷ್ಟೇ. ಆದರೆ ರಶ್ಶು! ಅಪ್ಪು ಹೋದ 2021ರ ಅಕ್ಟೋಬರ್ ಆದಮೇಲೆ ಒಂದು ಸಲ, ಹೋದ ವರ್ಷ, ಅಂದರೆ 2025ರಲ್ಲಿ, ಹಾಸನದಲ್ಲಿ ಸಾಲು ಸಾಲು ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿ ಬಂದಾಗ ಇನ್ನೊಂದು ಸಲ. ಮೈಸೂರಿನ ಜಯದೇವದ ಮುಂದೆ ಬೆಳಗ್ಗೆ ನಾಲ್ಕು ಗಂಟೆಗೇ ಕ್ಯೂ ನಿಂತಿದ್ದನ್ನು ನಾನೇ ನೋಡಿದ್ದೇನೆ. ನೋವೇ ಇಲ್ಲದವರು ಕ್ಯೂನಲ್ಲಿ, ನೋವಿದ್ದವರು ಸೋಡಾ ಕುಡಿದು ಮನೆಯಲ್ಲಿ. ಕಾರ್ತಿಕಣ್ಣ ಬೇಜಾರಾಗಬೇಡಿ, ಸುಮ್ನೆ ಹೇಳಿದೆ.

ಕಡೂರು_ಕಾರ್ತಿಕ

ಬೇಜಾರಿಲ್ಲ, ನಿಜ ತಾನೇ. ಆ ಸೋಡಾ ಬಾಟಲಿ ನೆನಪಾದರೆ ಅಮ್ಮ ಇವತ್ತಿಗೂ ಅಳುತ್ತಾರೆ.

ತಾಲೂಕು ಆಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್‌ಗೆ ಒಂದು ರೂಪಾಯಿ ತಗೊಳ್ಳಲಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಬೋರ್ಡ್ ಇತ್ತು. ಟೆನೆಕ್ಟೆಪ್ಲೇಸ್ ಅಂತ ಚೀಟಿಯಲ್ಲಿ ಬರೆದಿದ್ದಾರೆ.

ಹಳೇ_ಫಿಸಿಷಿಯನ್

ಹೌದು, ಅದೇ ಔಷಧಿ. ನಾನು ತಾಲೂಕು ಆಸ್ಪತ್ರೆಯಲ್ಲಿದ್ದಾಗ ಇದು ಕೈಗೆ ಸಿಗುತ್ತಿರಲಿಲ್ಲ. ಆಸ್ಪಿರಿನ್ ಕೊಟ್ಟು ಬಸ್ಸು ಹತ್ತಿಸಿದ ದಿನಗಳೂ ಇದ್ದವು. ನಿಮ್ಮ ತಂದೆಗೆ ಉಳಿದಿರುವ 36ರಲ್ಲಿ ಆ ಇಂಜೆಕ್ಷನ್‌ದೂ ಒಂದು ಪಾಲಿದೆ.

ಸರಿ, ಈಗ ಮುಖ್ಯವಾದ ಪ್ರಶ್ನೆ. ಮೊದಲೇ ಕೇಳಬೇಕಿತ್ತು. ಏನೇನು ಮಾತ್ರೆ ತಗೊಳ್ಳುತ್ತಿದ್ದಾರೆ? ಡೋಸ್ ಬೇಡ, ಹೆಸರು ಸಾಕು.

ಕಡೂರು_ಕಾರ್ತಿಕ

ಆಸ್ಪಿರಿನ್, ಟಿಕಾಗ್ರೆಲಾರ್, ಅಟೊರ್ವಾಸ್ಟಾಟಿನ್, ಶುಗರ್ ಮಾತ್ರೆ, ಗ್ಯಾಸ್ ಮಾತ್ರೆ.

ಡಿಸ್ಚಾರ್ಜ್ ಚೀಟಿಯಲ್ಲಿ ಮೆಟೊಪ್ರೊಲಾಲ್, ಸಾಕ್ಯುಬಿಟ್ರಿಲ್-ವಲ್ಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಕೂಡ ಇತ್ತು. ಒಂದು ತಿಂಗಳಾದ ಮೇಲೆ ಬಿಪಿ 100/60 ಬಂತು, ಎದ್ದರೆ ತಲೆ ಸುತ್ತುತ್ತಿತ್ತು. ಬಿಪಿ ಕಡಿಮೆ ಇದೆಯಲ್ಲ, ಬಿಪಿ ಮಾತ್ರೆ ಯಾಕೆ ಅಂತ ಅಪ್ಪನೇ ನಿಲ್ಲಿಸಿದ್ದಾರೆ. ನನಗೆ ಗೊತ್ತಾಗಿದ್ದು ಈಗ, ನೀವು ಕೇಳಿದಿರಿ ಅಂತ ಅಮ್ಮನಿಗೆ ಫೋನ್ ಮಾಡಿ ಡಬ್ಬಿ ತೆರೆಸಿದಾಗ. ಸ್ಪೈರೊನೊಲ್ಯಾಕ್ಟೋನ್ ಒಂದು ಮಾತ್ರ ಇನ್ನೂ ನಡೆದಿದೆ, ಅದು ಮೂತ್ರದ ಮಾತ್ರೆ ಅಂತ ಬಿಟ್ಟಿಲ್ಲವಂತೆ.

ಬರ್ಮಿಂಗ್‌ಹ್ಯಾಮ್_ಕನ್ನಡತಿ

ಅಯ್ಯೋ ದೇವರೇ.

ಎಕೋರೂಮ್

ಸಿಕ್ಕಿತು ಉತ್ತರ.

ಹಳೇ_ಫಿಸಿಷಿಯನ್

ಪೂರ್ತಿ ಉತ್ತರ ಅಲ್ಲ, ದೊಡ್ಡ ಭಾಗ. ಕಾರ್ತಿಕ್, ಅವು ನಿಮ್ಮ ತಂದೆಗೆ ಬಿಪಿ ಮಾತ್ರೆ ಅಲ್ಲ. ಬಿಪಿಗೂ ಕೊಡುತ್ತಾರೆ, ಅದಕ್ಕೇ ಹೆಸರು ಅಂಟಿದೆ. ಇಲ್ಲಿ ಕೊಟ್ಟಿರುವುದು ಹೃದಯದ ಹೊರೆ ಇಳಿಸಲು. ಅಟ್ಯಾಕ್ ಆದ ಮೇಲೆ ಸತ್ತ ಭಾಗ ತೆಳ್ಳಗಾಗುತ್ತದೆ. ಉಳಿದ ಭಾಗ ಜಾಸ್ತಿ ದುಡಿದು ದುಡಿದು ಹಿಗ್ಗುತ್ತದೆ. ಬಲೂನು ಹಿಗ್ಗಿದ ಹಾಗೆ ಕೋಣೆ ದೊಡ್ಡದಾಗುತ್ತಾ ಹೋದರೆ ಚೆನ್ನಾಗಿದ್ದ ಭಾಗವೂ ಸೋಲುತ್ತದೆ. ಆ ಹಿಗ್ಗುವಿಕೆಯನ್ನು ಸ್ಟೆಂಟ್ ಒಂದೇ ತಡೆಯುವುದಿಲ್ಲ. ತಡೆಯುವುದು ಈ ಮಾತ್ರೆಗಳು. ಶುಗರ್‌ಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಕೂಡ ಈಗ ಹೃದಯಕ್ಕೇ ಅಂತ ಕೊಡುತ್ತಾರೆ, ಅದರ ಬಗ್ಗೆಯೂ ಕೇಳಿ.

ಬಿಪಿ 100 ಇದ್ದರೂ ತಲೆ ಸುತ್ತದಿದ್ದರೆ ಮುಂದುವರಿಸುತ್ತಾರೆ. ಸುತ್ತಿದರೆ ಡೋಸ್ ಇಳಿಸುತ್ತಾರೆ, ಹೊತ್ತು ಬದಲಿಸುತ್ತಾರೆ, ಒಂದು ಬೆಳಗ್ಗೆ ಒಂದು ರಾತ್ರಿ ಮಾಡುತ್ತಾರೆ. ಪೂರ್ತಿ ನಿಲ್ಲಿಸುವುದು ಕೊನೆಯ ದಾರಿ. ಆದರೆ ನಾಳೆ ಬೆಳಗ್ಗೆ ಎದ್ದು ಎಲ್ಲವನ್ನೂ ಒಟ್ಟಿಗೆ ಶುರು ಮಾಡಿಸಬೇಡಿ! ಎರಡು ತಿಂಗಳು ಬಿಟ್ಟಿದ್ದಾರೆ. ಚಿಕ್ಕ ಡೋಸಿಂದ ಒಂದೊಂದಾಗಿ ಏರಿಸಬೇಕು. ಅದನ್ನು ಅವರ ಡಾಕ್ಟರೇ ಮಾಡಲಿ.

ಮೇಲ್ವಿಚಾರಕ

ಡೋಸ್ ಬಗ್ಗೆ ಯಾರೂ ಬರೆಯಬೇಡಿ ಎಂದು ನೆನಪಿಸಲು ಬಂದೆ. ಡಾಕ್ಟರ್ ಆಗಲೇ ಹೇಳಿದ್ದಾರೆ. ಮುಂದುವರಿಸಿ.

ಔಷಧಿಅಂಗಡಿ

ನನ್ನ ಅಂಗಡಿಯಲ್ಲಿ ತಿಂಗಳಿಗೆ ಇಂಥ ಮೂರು ಕೇಸು. ಸ್ಟೆಂಟ್ ಆಗಿದೆ, ಇನ್ನು ಮಾತ್ರೆ ಯಾಕೆ ಅಂತ. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ ಸ್ಟೆಂಟ್ ಒಳಗೇ ಗಡ್ಡೆ ಕಟ್ಟಿದವರನ್ನು ನೋಡಿದ್ದೇನೆ. ಹಲ್ಲು ಕೀಳಿಸಲು ಹೋಗುವಾಗಲೂ ಕೇಳದೆ ನಿಲ್ಲಿಸಬಾರದು. ಬೆಲೆ ಜಾಸ್ತಿ ಅಂತ ಬಿಡುವವರಿದ್ದರೆ ಜನೌಷಧಿಯಲ್ಲಿ ಕೇಳಿ. ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿಕೊಂಡು ಹೇಳುತ್ತಿದ್ದೇನೆ.

ಓದುಗ_77

ಟಿಕಾಗ್ರೆಲಾರ್ ಅಂದಿರಲ್ಲ, ನನಗೂ ಅದೇ ಇತ್ತು. ಸುಮ್ಮನೆ ಕೂತಿದ್ದರೂ ಇದ್ದಕ್ಕಿದ್ದಂತೆ ಉಸಿರು ಸಾಲದ ಹಾಗೆ. ಪಂಪಿಂಗ್ ಹೋಯಿತು ಅಂತ ಹೆದರಿ ಎರಡು ಸಲ ರಾತ್ರಿ ಆಸ್ಪತ್ರೆಗೆ ಓಡಿದೆ. ಆ ಮಾತ್ರೆಯ ಅಡ್ಡಪರಿಣಾಮವಂತೆ. ಬದಲಿಸಿ ಕ್ಲೋಪಿಡೋಗ್ರೆಲ್ ಕೊಟ್ಟರು, ಸರಿಹೋಯಿತು. ಹಾಗಂತ ಉಸಿರು ಕಟ್ಟಿದರೆ ಮಾತ್ರೆಯದೇ ಇರಬೇಕು ಅಂತ ಮನೆಯಲ್ಲಿ ಕೂರಬೇಡಿ. ತೋರಿಸಿ.

ಧಾರವಾಡ_ಸುಮಾ

ನಮ್ಮ ಅವ್ವನಿಗೆ 45 ಆಗಿದ್ದು ಬೈಪಾಸ್‌ನಿಂದ ಅಂತಲೇ ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಈಗ ಯೋಚನೆ ಮಾಡಿದರೆ ಮಾತ್ರೆ ಡಬ್ಬಿಯೂ ಅವತ್ತೇ ಶುರುವಾಗಿದ್ದು. ಒಂದು ದಿನ ತಪ್ಪಿಸಿಲ್ಲ. ಯಾವುದರಿಂದ ಎಷ್ಟು ಅಂತ ಯಾರಿಗೆ ಗೊತ್ತು.

ಕಡೂರು_ಕಾರ್ತಿಕ

ಡಾಕ್ಟ್ರೇ, ಇನ್ನೊಂದು ಬ್ಲಾಕ್ ಬಗ್ಗೆ? ಬಲಗಡೆ ಶೇ. 70 ಇದೆಯಲ್ಲ. ಅದನ್ನು ತೆಗೆಸಿದರೆ ಪಂಪಿಂಗ್ ಏರುತ್ತಾ?

ಹಳೇ_ಫಿಸಿಷಿಯನ್

ಪಂಪಿಂಗ್ ಏರಿಸಲು ಅಂತ ಅಲ್ಲ. ನಿಮ್ಮ ತಂದೆಯ ಹೊಡೆತ ಮುಂಭಾಗದ ಗೋಡೆಗೆ. ಬಲ ನಾಳ ನೋಡಿಕೊಳ್ಳುವುದು ಸಾಮಾನ್ಯವಾಗಿ ಕೆಳಗಿನ ಗೋಡೆ. ಆ ಗೋಡೆ ಎಕೋದಲ್ಲಿ ಚೆನ್ನಾಗಿ ಹಿಂಡುತ್ತಿದ್ದರೆ ಅಲ್ಲಿ ಏರಿಸಲು ಏನೂ ಇಲ್ಲ. ಆದರೆ ಅದನ್ನು ಕಾಪಾಡಿಕೊಳ್ಳಬೇಕು, ಈಗ ಆಧಾರ ಅದೇ. ಅಟ್ಯಾಕ್ ಆದವರಲ್ಲಿ ಉಳಿದ ದೊಡ್ಡ ಬ್ಲಾಕ್‌ಗಳನ್ನೂ ಸರಿಮಾಡಿದರೆ ಏನಾಗುತ್ತದೆ ಅಂತ 4,041 ಜನರಲ್ಲಿ ನೋಡಿದರು. 2019ರ ಕಂಪ್ಲೀಟ್ ಅನ್ನುವ ಹೆಸರಿನ ಟ್ರಯಲ್. ಮೂರು ವರ್ಷದಲ್ಲಿ ಹೃದಯದ ಸಾವು ಅಥವಾ ಇನ್ನೊಂದು ಅಟ್ಯಾಕ್ ಆದವರು ಶೇ. 10.2 ಇದ್ದದ್ದು ಶೇ. 7.8ಕ್ಕೆ ಇಳಿಯಿತು. ಅಲ್ಲೂ ಶೇ. 70 ಒಂದು ಗೆರೆ. ಹಾಗಾಗಿ ಈ ಪ್ರಶ್ನೆಯನ್ನು ಡಾಕ್ಟರ ಮುಂದೆ ಇಡಿ, ಬಿಡಬೇಡಿ.

ಚಿಕ್ಕಪ್ಪನವರಿಗೆ ಹೇಳಿ, ಅಟ್ಯಾಕ್ ಆದ ಹೊತ್ತಲ್ಲಿ ಬೇಗ ತೆರೆಯುವ ದಾರಿ ಸ್ಟೆಂಟೇ. ಶುಗರ್ ಇದ್ದು, ಮೂರೂ ನಾಳ ಹೋಗಿದ್ದರೆ, ಸುಮಾ ಅವರ ತಾಯಿಯ ಹಾಗೆ, ಆಗ ಬೈಪಾಸ್ ಮೇಲು. ಅವರದು ಬೇರೆ ಕಥೆ, ನಿಮ್ಮದು ಬೇರೆ.

ನೇರನುಡಿ

ಒಪ್ಪಿದೆ ಡಾಕ್ಟ್ರೇ. ಆದರೆ ಒಂದು ಕೇಳುತ್ತೇನೆ. ಇಷ್ಟನ್ನು ಆ ಆಸ್ಪತ್ರೆಯವರು ಡಿಸ್ಚಾರ್ಜ್ ದಿನ ಹತ್ತು ನಿಮಿಷ ಕೂರಿಸಿಕೊಂಡು ಹೇಳಿದ್ದರೆ ಆ ಮನುಷ್ಯ ಮಾತ್ರೆ ನಿಲ್ಲಿಸುತ್ತಿದ್ದರಾ?

ಹಳೇ_ಫಿಸಿಷಿಯನ್

ಇಲ್ಲ. ಇದಕ್ಕೆ ನನ್ನ ಹತ್ತಿರ ವಾದ ಇಲ್ಲ.

ಬರ್ಮಿಂಗ್‌ಹ್ಯಾಮ್_ಕನ್ನಡತಿ

ಇಲ್ಲಿ ಆ ಹತ್ತು ನಿಮಿಷಕ್ಕೇ ನನ್ನಂಥವರನ್ನು ಇಟ್ಟಿದ್ದಾರೆ. ಕಾರ್ತಿಕ್, ದಿನಾ ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಲು ಹೇಳಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಅವತ್ತೇ ಫೋನ್ ಮಾಡಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರ ಇಡಿ. ನಡಿಗೆ ನಿಧಾನಕ್ಕೆ ಏರಿಸಿ, ಮಲಗಿಸಿ ಇಡಬೇಡಿ. ನಮ್ಮ ಮನೆಗಳಲ್ಲಿ ಹಾರ್ಟ್ ಅಂದರೆ ಲೋಟ ಎತ್ತಲೂ ಬಿಡುವುದಿಲ್ಲ.

ಕಡೂರು_ಕಾರ್ತಿಕ

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ.

ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಈ ಸಲ ಪ್ರಶ್ನೆ ಬರೆದುಕೊಂಡು ಹೋದೆ. ಮಾತ್ರೆ ನಿಲ್ಲಿಸಿದ್ದು ಹೇಳಿದಾಗ ಡಾಕ್ಟರ್ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಆಮೇಲೆ ಚೆನ್ನಾಗಿಯೇ ಮಾತಾಡಿದರು. ಮೆಟೊಪ್ರೊಲಾಲ್ ಚಿಕ್ಕ ಡೋಸ್ ಶುರುವಾಗಿದೆ, ಎರಡು ವಾರಕ್ಕೆ ಇನ್ನೊಂದು ಸೇರಿಸುತ್ತಾರಂತೆ. ಐಸಿಡಿ ಮಾತು ಈಗ ಬೇಡ, ಮಾತ್ರೆ ಸರಿಯಾಗಿ ಮೂರು ತಿಂಗಳು ನಡೆಯಲಿ, ಆಮೇಲೆ ಎಕೋ ಅಂದರು. ಬಲಗಡೆ ಬ್ಲಾಕ್‌ಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಕಿಡ್ನಿ, ಪೊಟ್ಯಾಸಿಯಂ ಟೆಸ್ಟಿಗೆ ರಕ್ತ ಕೊಟ್ಟು ಬಂದಿದ್ದೇವೆ.

ಮಾವನ ಬಾಟಲಿಯನ್ನು ಅಮ್ಮ ಬಚ್ಚಲಿಗೆ ಸುರಿದರು. ಮಾವನಿಗೆ ಖಾಲಿಯಾಯಿತು ಅಂತ ಹೇಳಿದ್ದಕ್ಕೆ ಇನ್ನೊಂದು ತಂದಿದ್ದಾರೆ.

ಮಂಡ್ಯ_ಮಂಜ

ಹಹ್ಹ. ಅದು ಮುಗಿಯದ ಕಥೆ.

ಅಡಿಕೆತೋಟದ_ಭಟ್ಟ

ಒಳ್ಳೆಯದಾಯಿತು ತಮ್ಮಾ. ತಂದೆಯವರು ತೆಂಗಿನ ಬಿಳಿ ನೊಣಕ್ಕೆ ಏನು ಮಾಡುತ್ತಿದ್ದಾರೆ ಕೇಳಿ ಹೇಳು. ನಮ್ಮಲ್ಲಿ ಅಂಗಳದ ಮರಗಳೆಲ್ಲ ಕಪ್ಪಗಾಗಿವೆ.

ಕಡೂರು_ಕಾರ್ತಿಕ

ಭಟ್ರೇ, ಕೇಳಿದೆ. ಜೋರಾಗಿ ನೀರು ಹಾಯಿಸಿ ಗರಿ ತೊಳೆಯುತ್ತಾರಂತೆ, ಆಮೇಲೆ ಬೇವಿನೆಣ್ಣೆ. ಈ ವರ್ಷ ತಾನು ಹಾಯಿಸಲು ಆಗಲಿಲ್ಲ ಅನ್ನುವುದೇ ಅವರ ಚಿಂತೆ, ಇಎಫ್ ಅಲ್ಲ.

ಇಲ್ಲಿ ಬರೆದಿದ್ದನ್ನೆಲ್ಲ ನಿನ್ನೆ ರಾತ್ರಿ ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು. ದಿನಾ ಎರಡು ಎಳನೀರು ಕುಡಿಯುತ್ತಾರೆ, ಅದು ಪರವಾಗಿಲ್ಲ ತಾನೇ ಅಂತ.

ಹಳೇ_ಫಿಸಿಷಿಯನ್

ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ಸ್ಪೈರೊನೊಲ್ಯಾಕ್ಟೋನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ. ಎರಡೂ ಸೇರಿದರೆ ಬಡಿತಕ್ಕೇ ತೊಂದರೆ. ರಕ್ತದ ರಿಪೋರ್ಟ್ ಬಂದು, ಅವರ ಡಾಕ್ಟರ್ ನೋಡಿ ಹೇಳುವವರೆಗೆ ಒಂದೂ ಬೇಡ ಅನ್ನಿ.

ಕಡೂರು_ಕಾರ್ತಿಕ

ಹೇಳಿದೆ. ನಾನೂರು ತೆಂಗಿನ ಮರ ಇಟ್ಟುಕೊಂಡು ಒಂದು ಎಳನೀರಿಗೆ ರಿಪೋರ್ಟ್ ಕಾಯಬೇಕಾ ಅಂತ ಬೈದು ತೋಟಕ್ಕೆ ಹೋದರು. ನಡೆದುಕೊಂಡೇ ಹೋದರು.